ಬೆಳೆ ಸಮೀಕ್ಷೆಗೆ ಸೂಕ್ತ ಸ್ಮಾರ್ಟ್‌ಫೋನ್: ರೈತರ ಮಾಹಿತಿಗಾಗಿ

ಸ್ಮಾರ್ಟ್‌ಫೋನ್‌ಗಳಲ್ಲಿ ಆಂಡ್ರಾಯ್ಡ್ ಮತ್ತು ಐಫೋನಿನ ಐಓಎಸ್ ಪ್ರಮುಖ ಕಾರ್ಯಾಚರಣೆ ವ್ಯವಸ್ಥೆಗಳಾಗಿವೆ. ಒಂದಕ್ಕಾಗಿ ಸಿದ್ಧಪಡಿಸಿದ ಆಪ್ ಇನ್ನೊಂದರಲ್ಲಿ ಕಾರ್ಯನಿರ್ವಹಿಸುವುದಿಲ್ಲ.

ರೈತರೇ ತಮ್ಮ ಬೆಳೆಯ ವಿವರವನ್ನು ಛಾಯಾಚಿತ್ರ ಸಹಿತ ದಾಖಲಿಸಲು ರಾಜ್ಯ ಸರ್ಕಾರವು 2020ರ ಮುಂಗಾರು ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ಆಪ್ ಅನ್ನು ಗೂಗಲ್ ಪ್ಲೇ ಸ್ಟೋರ್ ಮೂಲಕ, ಅಂದರೆ ಆಂಡ್ರಾಯ್ಡ್ ಫೋನ್‌ಗಳಿಗೆ, ಒದಗಿಸಿತು. ನಂದಿ ಹೋಬಳಿಯ ದ್ರಾಕ್ಷಿಯಾಗಲಿ, ಶಿಡ್ಲಘಟ್ಟದ ಹಿಪ್ಪುನೇರಳೆಯಾಗಲಿ, ಗೌರಿಬಿದನೂರಿನ ಮುಸುಕಿನ ಜೋಳವಾಗಲಿ, ಸಮೀಕ್ಷೆಯಲ್ಲಿ ದಾಖಲಾದ ವಿವರವನ್ನು ಪಹಣಿ, ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ ಹಾಗೂ ಬೆಳೆಹಾನಿ ಪರಿಹಾರಕ್ಕೆ ಪರಿಗಣಿಸಲಾಗುತ್ತದೆ.

ಆದುದರಿಂದ ಫೋನ್ ಖರೀದಿಸುವ ಮುನ್ನ ಅಗತ್ಯವಿರುವ ಆಪ್ ಅದರಲ್ಲಿ ಲಭ್ಯವಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇದಕ್ಕಾಗಿಯೇ ಹೊಸ ಫೋನ್ ಕೊಳ್ಳಬೇಕಾಗಿಲ್ಲ. ಫೋನ್ ಇಲ್ಲದವರು ಕುಟುಂಬದವರ ಅಥವಾ ಗ್ರಾಮಕ್ಕೆ ನಿಯೋಜಿತರಾದ ಖಾಸಗಿ ನಿವಾಸಿಗಳ ನೆರವಿನಿಂದ ನಿಗದಿತ ಅವಧಿಯೊಳಗೆ ಸಮೀಕ್ಷೆ ಪೂರ್ಣಗೊಳಿಸಬಹುದು.