ರಣರಂಗದಿಂದ ಹಳ್ಳಿಗೆ ಬಂದ ವೈದ್ಯ

1854ರ ನವೆಂಬರಿನಲ್ಲಿ ವೈದ್ಯ ನಿಕೊಲಾಯ್ ಪಿರೊಗೋವ್ ಕ್ರಿಮಿಯದ ಸೆವಸ್ತೋಪೋಲ್ ನಗರಕ್ಕೆ ಬಂದಾಗ, ಇಂಗ್ಲಿಷ್, ಫ್ರೆಂಚ್ ಮತ್ತು ತುರ್ಕಿ ಸೇನೆಗಳು ಆ ಊರನ್ನು ಮುತ್ತಿದ್ದವು. ಗಾಯಾಳುಗಳು ಒಬ್ಬರಿಗೊಬ್ಬರು ತಾಗುವಂತೆ ನೆಲದ ಮೇಲೆ ಬಿದ್ದಿದ್ದರು. ವೈದ್ಯರು ಮೊದಲು ಕಣ್ಣಿಗೆ ಬಿದ್ದವನಿಗೆ ಮೊದಲು ಚಿಕಿತ್ಸೆ ಮಾಡುತ್ತಿದ್ದರು. ಬದುಕಬಹುದಾಗಿದ್ದವನು ಸರದಿ ಕಾಯುತ್ತಲೇ ಸಾಯುತ್ತಿದ್ದನು.

ಪಿರೊಗೋವನು 1810ರಲ್ಲಿ ಮಾಸ್ಕೋದಲ್ಲಿ ಜನಿಸಿದವನು. ಹದಿನಾಲ್ಕನೆಯ ವಯಸ್ಸಿಗೇ ವಿಶ್ವವಿದ್ಯಾನಿಲಯವನ್ನು ಸೇರಿದನು. 1847ರಲ್ಲಿ ಕಾಕಸಸ್ ಪ್ರಾಂತದ ಯುದ್ಧದಲ್ಲಿ ಈಥರ್ ಕೊಟ್ಟು ಸೈನಿಕರಿಗೆ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ನಡೆಸಿದ್ದನು. ಆದರೆ ಸೆವಸ್ತೋಪೋಲಿನಲ್ಲಿ ಅವನು ಮಾಡಿದ ಮೊದಲ ಕೆಲಸ ಕತ್ತಿ ಹಿಡಿಯುವುದಲ್ಲ, ಜನರನ್ನು ವಿಂಗಡಿಸುವುದು. ಬದುಕುವ ಆಸೆಯಿಲ್ಲದವರನ್ನು ದಾದಿಯರ ಹಾಗೂ ಪಾದ್ರಿಗಳ ಆರೈಕೆಗೆ ಒಪ್ಪಿಸಿದನು. ತಡೆಯಲಾಗದವರಿಗೆ ಕೂಡಲೇ ಶಸ್ತ್ರಚಿಕಿತ್ಸೆ; ಕಾಯಬಲ್ಲವರಿಗೆ ಮರುದಿನ; ಸಣ್ಣ ಗಾಯದವರಿಗೆ ಪಟ್ಟಿ ಕಟ್ಟಿ ಪಾಳೆಯಕ್ಕೆ ವಾಪಸು.

ಹೋಟೆಲಿನ ಗಲ್ಲಾದಲ್ಲಿ ಬಹುಕಾಲ ಕುಳಿತ ನನಗೆ ಇದು ಬೇಗನೆ ಮನಸ್ಸಿಗೆ ಹತ್ತುತ್ತದೆ. ಮಧ್ಯಾಹ್ನ ನೂರು ಜನ ಒಮ್ಮೆಗೇ ನುಗ್ಗಿದಾಗ ಅಡಿಗೆಯವನ ಕೈಗುಣವೊಂದೇ ಸಾಲದು. ಯಾರನ್ನು ಎಲ್ಲಿ ಕೂಡಿಸಬೇಕೆಂದು ಬಲ್ಲವನು ಬಾಗಿಲಲ್ಲಿರಬೇಕು. ಇಲ್ಲಿ ತಪ್ಪಿದರೆ ಹೋಗುವುದು ಗಿರಾಕಿ, ಅಲ್ಲಿ ಪ್ರಾಣ. ರಾಜಮನೆತನದ ಎಲೆನಾ ಪಾವ್ಲೊವ್ನಾ ಕಳುಹಿಸಿದ ದಾದಿಯರ ಪೈಕಿ ಕೆಲವರನ್ನು ಅವನು ಉಗ್ರಾಣದ ಮೇಲ್ವಿಚಾರಣೆಗೇ ನೇಮಿಸಿದುದು ನನಗೆ ಇನ್ನೂ ಮೆಚ್ಚಿಗೆಯಾದ ಸಂಗತಿ. ಮುರಿದ ಎಲುಬಿಗೆ ಜಿಪ್ಸಮ್ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ, ಕತ್ತರಿಸಿಹೋಗಬೇಕಿದ್ದ ಎಷ್ಟೋ ಕೈಕಾಲುಗಳನ್ನು ಉಳಿಸಿದನು.

ಯುದ್ಧಾನಂತರ ಒಡೆಸ್ಸಾ, ಕೀವ್ ಪ್ರಾಂತಗಳ ವಿದ್ಯಾಧಿಕಾರಿಯಾದನು. ಸರಕಾರದೊಡನೆ ಸರಿಹೋಗದೆ 1861ರಲ್ಲಿ ಆ ಪದವಿ ಹೋಯಿತು. ಮರುವರ್ಷ ಇಟಲಿಯ ಗಾರಿಬಾಲ್ಡಿಯ ಕಾಲಿಗೆ ಗುಂಡು ತಗಲಿದಾಗ, ಗುಂಡು ಒಳಗೇ ಇದೆ, ಕಾಲನ್ನು ಕತ್ತರಿಸಬೇಕಾಗಿಲ್ಲ ಎಂದು ಹೇಳಿದವನು ಈತನೇ. ಅಂತಹ ಕೀರ್ತಿವಂತನು 1866ರಲ್ಲಿ ವಿನ್ನಿತ್ಸ ಪಟ್ಟಣದ ಬಳಿಯ ವಿಷ್ಣ್ಯ ಎಂಬ ಹಳ್ಳಿಯ ತನ್ನ ಜಮೀನಿಗೆ ಹೋಗಿ ನೆಲಸಿದನು. ಆ ಪ್ರದೇಶವು ಈಗ ಯುಕ್ರೇನಿನಲ್ಲಿದೆ.

ಅಲ್ಲಿ ಸುಮಾರು 30 ಹಾಸಿಗೆಗಳ ಧರ್ಮಾಸ್ಪತ್ರೆಯನ್ನೂ ಔಷಧದ ಅಂಗಡಿಯನ್ನೂ ತೆರೆದನು. ದೂರದೂರದಿಂದ ರೈತರು ಗಾಡಿ ಕಟ್ಟಿಕೊಂಡು ಬಂದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಅನೇಕರು ಹಳ್ಳಿಯ ಗುಡಿಸಲುಗಳಲ್ಲಿ ಬೇರೆ ಬೇರೆಯಾಗಿ ತಂಗುತ್ತಿದ್ದರು. ಆಗ ವೈದ್ಯನಿಗೊಂದು ವಿಸ್ಮಯ ಕಾದಿದ್ದಿತು: ರಾಜಧಾನಿಯ ದೊಡ್ಡ ಆಸ್ಪತ್ರೆಗಳಲ್ಲಿ ಗಾಯವು ಕೀವುಗಟ್ಟಿ, ರಕ್ತ ಕೆಟ್ಟು ರೋಗಿಗಳು ಸಾಯುತ್ತಿದ್ದರೆ, ಈ ಮಣ್ಣಿನ ಗುಡಿಸಲುಗಳಲ್ಲಿ ಗಾಯಗಳು ಚೆನ್ನಾಗಿ ಮಾಯುತ್ತಿದ್ದವು. ರೋಗಿಗಳ ದಟ್ಟಣೆಯೇ ಮೃತ್ಯುವಿಗೆ ದಾರಿಯೆಂಬ, ರಣರಂಗದಲ್ಲಿ ಹುಟ್ಟಿದ ಅವನ ನಂಬಿಕೆಗೆ ಬಡ ರೈತರ ಮನೆಗಳೇ ಸಾಕ್ಷಿ ನುಡಿದವು. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮವರು ಜ್ವರ ಬಂದ ಗೆಳೆಯನಿಗಾದರೂ ಕಿಟಕಿಯ ಬದಿಯನ್ನು ಬಿಟ್ಟುಕೊಡಬಾರದೆ?

1877ರಲ್ಲಿ ರಷ್ಯ-ತುರ್ಕಿ ಯುದ್ಧ ಆರಂಭವಾದಾಗ ಅವನಿಗೆ ಅರುವತ್ತೇಳರ ಸಮೀಪ. ಆದರೂ ಬಲ್ಗೇರಿಯಕ್ಕೆ ಹೋಗಿ ದಂಡಿನ ಆಸ್ಪತ್ರೆಗಳನ್ನು ಸುತ್ತಿದನು. ಮುಗಿಸಿಕೊಂಡು ಮತ್ತೆ ಹಳ್ಳಿಗೇ ಬಂದನು. 1881ರಲ್ಲಿ ಬಾಯಿಯ ಅರ್ಬುದರೋಗ ಕಾಣಿಸಿಕೊಂಡಿತು. ತನ್ನ ಜೀವನಚರಿತ್ರೆಯನ್ನು ಬರೆಯುತ್ತಿದ್ದವನು ಅದನ್ನು ಪೂರ್ಣಗೊಳಿಸದೆ ಅದೇ ವರ್ಷದ ಕೊನೆಯಲ್ಲಿ ವಿಷ್ಣ್ಯದಲ್ಲಿಯೇ ತೀರಿಕೊಂಡನು. ಕೆಡದಂತೆ ಸಂಸ್ಕರಿಸಿದ ಅವನ ದೇಹವನ್ನು ಆ ಊರಿನ ಚಿಕ್ಕ ಇಗರ್ಜಿಯಲ್ಲಿ ಇರಿಸಿದರು.