ಹಳೇದು ತಂದಿದೀರಾ?

ನಾಟಕ ಮುಗಿಸಿ ರವೀಂದ್ರ ಕಲಾಕ್ಷೇತ್ರದಿಂದ ಹೊರಬಿದ್ದವರ ಮೂಗಿಗೆ ಮೊದಲು ಬಡಿಯುವುದು ರಬ್ಬರು ಮತ್ತು ಗ್ರೀಸಿನ ವಾಸನೆ. ಬೆಂಗಳೂರಿನ ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನ ತನಕ ಹಬ್ಬಿದ ಈ ರಸ್ತೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಆದರೆ ಅದು ಬೋರ್ಡಿನಲ್ಲಷ್ಟೇ. ಜನರ ಬಾಯಲ್ಲಿ ಅದು ಜೆ.ಸಿ. ರೋಡು, ಅಂದರೆ ಗಾಡಿಯ ಸ್ಪೇರ್ಸ್ ಸಿಗುವ ಜಾಗ.

ಅಂಗಡಿಗಳಿಗೆ ಅಗಲಕ್ಕಿಂತ ಆಳವೇ ಹೆಚ್ಚು. ಸೂರಿನ ತನಕ ರಟ್ಟಿನ ಡಬ್ಬಿಗಳು, ಅವುಗಳ ನಡುವೆ ಏಣಿ ಹತ್ತಿ ಇಳಿಯುವ ಒಬ್ಬ ಹುಡುಗ, ಮುಂದುಗಡೆ ಕೌಂಟರು. ಹೋದ ತಿಂಗಳು ಬ್ರೇಕ್ ಪ್ಯಾಡ್ ಬೇಕೆಂದು ಹೋದ ನಾನು ಕಾರಿನ ಹೆಸರು, ಮಾಡೆಲ್, ವರ್ಷ ಎಲ್ಲ ಒಪ್ಪಿಸಿದೆ. ಕೌಂಟರಿನವರು ಕೇಳಿದ್ದು ಒಂದೇ ಮಾತು: "ಹಳೇದು ತಂದಿದೀರಾ ಸಾರ್?"

ಒಂದೇ ಕಾರಿನ ಒಂದೇ ವರ್ಷದ ಎರಡು ಗಾಡಿಗಳಲ್ಲಿ ಬ್ರೇಕು ಬೇರೆ ಬೇರೆ ಇರಬಹುದು. ಹಾಗಾಗಿ ಇಲ್ಲಿ ಬಾಯಿಮಾತಿಗಿಂತ ಹಳೇ ಸಾಮಾನಿಗೇ ಬೆಲೆ. ಅದಿಲ್ಲದಿದ್ದರೆ ಆರ್.ಸಿ. ಕಾರ್ಡಿನ ಚಾಸಿ ನಂಬರು. ನಾನು ಮೆಕ್ಯಾನಿಕ್ ಬಿಚ್ಚಿಕೊಟ್ಟ ಎರಡು ಪ್ಯಾಡುಗಳನ್ನು ಚೀಲದಿಂದ ತೆಗೆದಿಟ್ಟೆ. ಅವರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಲೈನಿಂಗಿನ ದಪ್ಪಕ್ಕೆ ಉಗುರು ಹಿಡಿದು ನೋಡಿದರು. ಹೊರಗಡೆಯ ಪ್ಯಾಡು ಇನ್ನೂ ಆರು ಮಿಲಿಮೀಟರ್ ಉಳಿದಿತ್ತು. ಒಳಗಿನದು ಎರಡಕ್ಕೆ ಇಳಿದಿತ್ತು. ಮೂರಕ್ಕೆ ಬಂದಾಗಲೇ ಬದಲಿಸಬೇಕಿತ್ತು. "ಕ್ಯಾಲಿಪರ್ ಪಿನ್ ಹಿಡ್ಕೊಂಡಿದೆ. ಮೊದ್ಲು ಅದನ್ನ ಬಿಡಿಸಿ ಗ್ರೀಸ್ ಹಾಕ್ಸಿ. ಇಲ್ದಿದ್ರೆ ಹೊಸ ಪ್ಯಾಡೂ ಹಿಂಗೇ ತಿನ್ನುತ್ತೆ" ಅಂದರು. ಗಾಡಿಯನ್ನು ಅವರು ಕಂಡೂ ಇರಲಿಲ್ಲ.

ಆಮೇಲೆ ಡಬ್ಬಿಗಳು ಬಂದವು. ಕಾರಿನ ಕಂಪನಿಗಳು ಬ್ರೇಕನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಚೆನ್ನೈನ ಬ್ರೇಕ್ಸ್ ಇಂಡಿಯಾದಂಥವರು ಮಾಡಿಕೊಡುತ್ತಾರೆ. ಹೀಗೆ ಮಾಡಿಕೊಡುವವರ ಮಾಲು ಅವರದೇ ಡಬ್ಬಿಯಲ್ಲಿ ಬಂದರೆ ಒಂದು ರೇಟು, ಕಾರಿನ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬಂದರೆ ಹೆಚ್ಚಿನ ರೇಟು. ನಾನು ಮೊದಲನೆಯದಕ್ಕೇ ಕೈಚಾಚುವವನು. ಇದರ ಕೆಳಗೆ 'ಲೋಕಲ್' ಇದೆ. ಅದಕ್ಕೂ ಕೆಳಗೆ ಒರಿಜಿನಲ್ಲಿನ ವೇಷ ಹಾಕಿದ ಡೂಪ್ಲಿಕೇಟ್. ಒಮ್ಮೆ ಬೇರೊಂದು ಕಡೆ ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡು ತಂದ ಪ್ಯಾಡು ಚಾರ್ಮಾಡಿ ಘಾಟಿಯ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಹೊಡೆದು, ಪೆಡಲ್ ಎಷ್ಟು ಒತ್ತಿದರೂ ಗಾಡಿ ಜಾರುವಂತೆ ಮಾಡಿತ್ತು. ಎರಡನೇ ಗೇರಿಗಿಳಿಸಿ ಹೇಗೋ ಕೆಳಗಿಳಿದೆ. ಅಂದಿನಿಂದ ಏರ್ ಫಿಲ್ಟರಿಗೆ ಬೇಕಾದರೆ ಚೌಕಾಸಿ ಮಾಡುತ್ತೇನೆ, ಬ್ರೇಕಿಗೆ ಇಲ್ಲ.

ಪ್ಯಾಡಿನ ಜೊತೆಗೆ ಬ್ರೇಕ್ ಆಯಿಲ್ ಕೂಡ ಕೊಂಡೆ. ಡಾಟ್ 3, ಡಾಟ್ 4 ಎಂಬ ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಹೊಸ ಡಾಟ್ 4ಕ್ಕೆ ಕನಿಷ್ಠ 230 ಡಿಗ್ರಿ ತಾಳಿಕೆ ಇರಬೇಕೆಂಬುದು ನಿಯಮ, ತೇವಗೊಂಡದ್ದಕ್ಕೆ 155. ಘಾಟಿಯಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಹೆಚ್ಚಿನವರು ಅದು ಕಡಿಮೆಯಾದಾಗ ಮಾತ್ರ ಸುರಿಯುತ್ತಾರೆ.

ಇನ್ನು ಟೈರಿನ ಅಂಗಡಿಗೆ ಹೋದರೆ, ಟೈರಿನ ಪಕ್ಕದ ಗೋಡೆಯ ಮೇಲಿನ ಬರಹ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. 185/65 ಆರ್ 15 ಎಂದರೆ ಅಗಲ 185 ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ರಿಮ್ 15 ಇಂಚು. ಅದರ ಮುಂದೆ 88 ಎಂದಿದ್ದರೆ, ಒಂದು ಟೈರು 560 ಕಿಲೋ ಹೊರಬಲ್ಲದು. ಕಣ್ಣಿಗೆ ಬೀಳದ ಮೂಲೆಯಲ್ಲಿ ನಾಲ್ಕಂಕಿಯ ತಾರೀಕಿರುತ್ತದೆ: 2324 ಎಂದಿದ್ದರೆ 2024ರ 23ನೇ ವಾರ ಮಾಡಿದ್ದು. ಅಂಗಡಿಯವರು ಬೈದುಕೊಂಡರೂ ಪರವಾಗಿಲ್ಲ, ಬಗ್ಗಿ ನೋಡಿ. ಬಟನ್ನು ಸವೆದು, ಗೆರೆಗಳ ಒಳಗಿನ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಉಳಿದದ್ದು 1.6 ಮಿಲಿಮೀಟರ್, ಅಂದರೆ ಆಯುಸ್ಸು ಮುಗಿಯಿತು. ಎರಡೇ ಹೊಸ ಟೈರು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. "ಎಂಜಿನ್ ಎಳೆಯೋದು ಮುಂದಿನ ಚಕ್ರ ಅಲ್ವಾ ಸಾರ್" ಎಂದು ಹುಡುಗರು ವಾದಿಸುತ್ತಾರೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ಹಿಂದಿನದು ಜಾರಿದರೆ ಗಿರಕಿ ಹೊಡೆಯುತ್ತದೆ. ಈ ವಾದದಲ್ಲಿ ನಾನಿನ್ನೂ ಗೆದ್ದಿಲ್ಲ, ಆದರೆ ದುಡ್ಡು ನನ್ನದಾದ್ದರಿಂದ ಟೈರು ಹಿಂದಕ್ಕೇ ಹೋಗುತ್ತದೆ.

ಅವತ್ತು ಬ್ರೇಕಿನ ಅಂಗಡಿಯಲ್ಲಿ ಬಿಲ್ಲಿಗಾಗಿ ಕಾಯುತ್ತಿದ್ದಾಗ ಹಿರಿಯರೊಬ್ಬರು ಬಂದು ಹಳೇ ಪೇಪರಿನಲ್ಲಿ ಸುತ್ತಿದ್ದ ವೀಲ್ ಸಿಲಿಂಡರೊಂದನ್ನು ಕೌಂಟರಿನ ಮೇಲಿಟ್ಟರು. ಗಾಡಿ ಯಾವುದೆಂದು ಅವರೂ ಹೇಳಲಿಲ್ಲ, ಕೌಂಟರಿನವರೂ ಕೇಳಲಿಲ್ಲ. ಸಿಲಿಂಡರನ್ನು ತಿರುಗಿಸಿ ನೋಡಿ, "ಅಂಬಾಸಿಡರು" ಅಂದುಕೊಂಡು ಏಣಿಯ ಕಡೆ ಕತ್ತೆತ್ತಿದರು. "ಲೋ, ಮೇಲಿನ ಅಟ್ಟ, ಎಡಗಡೆ, ಕೊನೇ ಡಬ್ಬಿ ನೋಡು."