ಮನೆಯ ಮುಂದಿನ ಬೆಟ್ಟ, ದೂರದ ಕಾಲುವೆ

ಕಳೆದ ಮಾಘ ಮಾಸದ ಒಂದು ಸಂಜೆ ಮಧುಗಿರಿಯ ಪರಿಚಿತ ಭಕ್ತ ಮನೆತನವೊಂದಕ್ಕೆ ಹೋಗಿದ್ದೆವು. ಆ ಮನೆಯ ಮಗ ಹಾಲೆಂಡ್ ದೇಶದಲ್ಲಿ ಉದ್ಯೋಗಿ. ಹಿರಿಯ ದಂಪತಿಗಳು ಎರಡು ತಿಂಗಳು ಮಗನ ಬಳಿಯಿದ್ದು, ಆಮ್‌ಸ್ಟರ್‌ಡ್ಯಾಮ್ ನಗರವನ್ನು ಕಣ್ತುಂಬ ನೋಡಿಕೊಂಡು ಆಗಷ್ಟೇ ಹಿಂತಿರುಗಿದ್ದರು. ತಂದಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾ, ಅಲ್ಲಿನ ಕಾಲುವೆ, ಸೇತುವೆ, ಸಾಲುಮನೆಗಳನ್ನು ಯಜಮಾನರು ವರ್ಣಿಸುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಹತ್ತು ವರ್ಷದ ಮೊಮ್ಮಗಳು ನಡುವೆ ಕೇಳಿದಳು: “ತಾತ, ನಮ್ಮೂರಲ್ಲಿ ನೋಡೋಕೆ ಏನಿದೆ?”

ಯಜಮಾನರು ನಕ್ಕರು. “ನಮ್ಮೂರಲ್ಲೇನಮ್ಮಾ, ಒಂದು ಬಂಡೆ, ನಾಲ್ಕು ಬತ್ತಿದ ಕೆರೆ” ಎಂದರು.

ಕಿಟಕಿಯಾಚೆ ಆ ‘ಬಂಡೆ’ ಸಂಜೆಬಿಸಿಲಿಗೆ ಕೆಂಪಾಗಿ ನಿಂತಿತ್ತು. ಆ ಮಾತು ನಮ್ಮ ಮನಸ್ಸನ್ನು ಚುಚ್ಚಿತು. ಆದರೆ ಯಜಮಾನರನ್ನು ದೂರುವ ಹಕ್ಕು ನಮಗಿಲ್ಲ. ಬಾಲ್ಯದಲ್ಲಿ ಮಠದ ವಿದ್ಯಾರ್ಥಿಯಾಗಿದ್ದಾಗ ನಾವೂ ಆ ಬೆಟ್ಟವನ್ನು ಎಷ್ಟೋ ಸಲ ಹತ್ತಿ ಇಳಿದವರೇ. ಅಲ್ಲಿ ಯಾರು ಸೆರೆಯಿದ್ದರು, ಯಾರು ಅತ್ತರು ಎಂಬುದನ್ನು ಅರಿತದ್ದು ತಲೆಗೂದಲು ನರೆಯತೊಡಗಿದ ಮೇಲೆ. ಆ ಮಗುವಿಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ನೀರನ್ನು ನೋಡಿಕೊಂಡವರ ನಗರ

ಮೊದಲು ಆ ದೂರದ ನಗರದ ಮಾತು. ಅದನ್ನು ಹೊಗಳಲು ಸಂಕೋಚವೇಕೆ? ಆಮ್‌ಸ್ಟರ್‌ಡ್ಯಾಮಿನ ಪ್ರಸಿದ್ಧ ಕಾಲುವೆಗಳ ಸುತ್ತನ್ನು ಅಗೆಯಲು ಪ್ರಾರಂಭಿಸಿದ್ದು 1613ರಲ್ಲಿ. ಜೌಗು ನೆಲದಲ್ಲಿ ಮರದ ಕಂಬಗಳನ್ನು ಆಳಕ್ಕೆ ಬಡಿದು ಅವುಗಳ ಮೇಲೆ ಮನೆಗಳನ್ನು ನಿಲ್ಲಿಸಿದರು. 17ನೆಯ ಶತಮಾನದಲ್ಲಿ ಪುರಭವನವಾಗಿ ಕಟ್ಟಿದ, ಇಂದು ಅರಮನೆಯೆನಿಸಿರುವ ಕಟ್ಟಡವೊಂದರ ಅಡಿಯಲ್ಲಿಯೇ 13,659 ಕಂಬಗಳಿವೆಯೆಂದು ಲೆಕ್ಕ ಹೇಳುತ್ತಾರೆ. 2010ರಲ್ಲಿ ಈ ಕಾಲುವೆಗಳ ಪ್ರದೇಶವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆ ದೇಶದಲ್ಲಿ ನೀರನ್ನು ನೋಡಿಕೊಳ್ಳುವುದಕ್ಕೆಂದೇ ಜನರು ಆರಿಸಿದ ಮಂಡಲಿಗಳಿವೆ. ಆ ಪದ್ಧತಿಯ ಬೇರು 13ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ನಮ್ಮವರಿಗೆ ಇದೇನೂ ಹೊಸತಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಕಾರ್ಯವೆಂದು ಕೈಗೊಂಡರು. ನಮ್ಮ ಹಳ್ಳಿಗಳಲ್ಲಿಯೂ ತೂಬು ಎತ್ತಿ ಇಳಿಸಲು ನೀರಗಂಟಿ ಇದ್ದನು. ಹೂಳೆತ್ತಲು ಊರಿಗೆ ಊರೇ ಏರಿಯ ಬಳಿ ಸೇರುತ್ತಿತ್ತು. ಅವರು ತಮ್ಮ ಪದ್ಧತಿಯನ್ನು ಬಿಡಲಿಲ್ಲ, ನಾವು ಬಿಟ್ಟೆವು. ಆ ನಗರವನ್ನು ಕಂಡು ಬೆರಗಾಗುವಾಗ ಈ ಒಂದು ವ್ಯತ್ಯಾಸವನ್ನು ಮರೆಯಬಾರದು.

ನೀರಿನ ಗುರುತು ಹಿಡಿದು ಹುಟ್ಟಿದ ದುರ್ಗ

ಮಧುಗಿರಿಯ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 3,930 ಅಡಿ. ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಏಕಶಿಲೆಯೆಂದು ಇದನ್ನು ಕರೆಯುವುದು ರೂಢಿ. ಕೋಟೆಯ ಮೂಲದ ಬಗ್ಗೆ ಒಂದು ಐತಿಹ್ಯವಿದೆ. ಹಿರೇಗೌಡನೆಂಬ ಪಾಳೆಯಗಾರನ ಕುರಿಯೊಂದು ಹಿಂಡಿನಿಂದ ತಪ್ಪಿ ಬೆಟ್ಟ ಸೇರಿತಂತೆ. ಅದು ಮರಳಿ ಬಂದಾಗ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬರಿಯ ಬಂಡೆಯೆಂದುಕೊಂಡಿದ್ದ ಬೆಟ್ಟದ ಮೇಲೆ ನೀರಿದೆಯೆಂದು ಅದರಿಂದ ತಿಳಿದು, ಅವನು ಅಲ್ಲಿ ಕೋಟೆ ಹಾಕಿದನಂತೆ. ಕಥೆ ಹೇಗೇ ಇರಲಿ, ಅದರ ತಿರುಳು ನಿಜವಾದದ್ದು. ನೀರಿಲ್ಲದ ಎತ್ತರದಲ್ಲಿ ಕೋಟೆ ಬಾಳದು. ಇಂದಿಗೂ ಹತ್ತುವ ದಾರಿಯಲ್ಲಿ ಮಳೆನೀರು ತುಂಬಿ ನಿಲ್ಲುವ ದೊಣೆಗಳನ್ನು ಕಾಣಬಹುದು.

1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಈ ದುರ್ಗವನ್ನು ಗೆದ್ದುಕೊಂಡಿತು. ಮುಂದೆ ಹೈದರಾಲಿ ಇದನ್ನು ಬಲಪಡಿಸಿದನು. ಬಾಗಿಲ ಮೇಲೆ ಬಾಗಿಲು ದಾಟಿ ಮೇಲೇರಿದರೆ ತುದಿಯಲ್ಲಿ ಗೋಪಾಲಕೃಷ್ಣನ ಪಾಳುಗುಡಿಯಿದೆ. ಕೆಳಗೆ ಪೇಟೆಯಲ್ಲಿ ವೆಂಕಟರಮಣ ಹಾಗೂ ಮಲ್ಲೇಶ್ವರ ದೇವಾಲಯಗಳು ನೆರೆಹೊರೆಯಾಗಿ ನಿಂತಿವೆ. ಕೊನೆಯ ಹಂತದ ಏರು ಕಡಿದಾದದ್ದು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆ. ಕಾರ್ತಿಕದಿಂದ ಮಾಘದವರೆಗೆ, ಬೆಳಗಿನ ಜಾವದಲ್ಲಿಯೇ, ಕುಡಿಯುವ ನೀರನ್ನು ಜೊತೆಗಿಟ್ಟುಕೊಂಡು ಹೊರಡುವುದು ಕ್ಷೇಮ.

ಕೆಳದಿಯ ರಾಣಿ ಇಲ್ಲಿದ್ದರು

ಇನ್ನು ನಮ್ಮ ಮನೆಮನೆಯಲ್ಲಿಯೂ ತಿಳಿದಿರಬೇಕಾದ ಸಂಗತಿ. ವೀರಶೈವ ಅರಸುಮನೆತನಗಳಲ್ಲಿ ಹೆಸರಾದ ಕೆಳದಿಯ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು. ಆಗ ಸಿಂಹಾಸನದಲ್ಲಿದ್ದವರು ರಾಣಿ ವೀರಮ್ಮಾಜಿ. ಅವರನ್ನೂ ದತ್ತುಪುತ್ರ ಸೋಮಶೇಖರನನ್ನೂ ಸೆರೆಹಿಡಿದು, ಮಲೆನಾಡಿನ ಹಸುರಿನಿಂದ ಈ ಬಯಲುಸೀಮೆಯ ಬಂಡೆಗೆ ತಂದು ಇರಿಸಿದರು. 1767ರಲ್ಲಿ ಪೇಶ್ವೆ ಮಾಧವರಾಯರ ಮರಾಠಾ ಸೇನೆ ಮಧುಗಿರಿಯನ್ನು ಹಿಡಿದಾಗಲೇ ಅವರಿಗೆ ಬಿಡುಗಡೆ. ಪುಣೆಯತ್ತ ಸಾಗುವ ದಾರಿಯಲ್ಲಿ ರಾಣಿ ಲಿಂಗೈಕ್ಯರಾದರೆಂದು ಚರಿತ್ರಕಾರರು ಬರೆದಿದ್ದಾರೆ.

ಇದೇ ಮನೆತನದ ರಾಣಿ ಚೆನ್ನಮ್ಮಾಜಿಯವರು, ಔರಂಗಜೇಬನ ಸೇನೆ ಬೆನ್ನಟ್ಟಿದಾಗ, ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಕಾಪಾಡಿದ್ದರು. ಎಂಬತ್ತು ವರ್ಷ ತುಂಬುವ ಮೊದಲೇ ಅದೇ ಮನೆತನದ ಮತ್ತೊಬ್ಬ ರಾಣಿಯ ಸೆರೆಯ ಬಾಗಿಲು ಮರಾಠರ ಕೈಯಿಂದ ತೆರೆಯಿತು. ಮಾಧವರಾಯರ ಉದ್ದೇಶ ರಾಜಕೀಯವೇ ಆಗಿದ್ದಿರಬಹುದು. ಆದರೂ ಮಾಡಿದ ಉಪಕಾರ ಹೀಗೆ ತಿರುಗಿ ಬಂದುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ದಂಡೆಯಲ್ಲಿ ಒಂದು ಮನೆಯಿದೆ. ನಾಜಿಗಳ ಕಣ್ತಪ್ಪಿಸಿ ಆನ್ ಫ್ರಾಂಕ್ ಎಂಬ ಯಹೂದಿ ಬಾಲಕಿ 1942ರಿಂದ 1944ರವರೆಗೆ ಮನೆಯವರೊಡನೆ ಅಡಗಿದ್ದ ತಾಣವದು. 1960ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಲೋಕದ ಮೂಲೆಮೂಲೆಯಿಂದ ಬಂದವರು ಆ ಇಕ್ಕಟ್ಟಾದ ಮೆಟ್ಟಿಲನ್ನು ಮೌನವಾಗಿ ಹತ್ತುತ್ತಾರೆ. ನಮ್ಮ ಯಜಮಾನ ದಂಪತಿಗಳೂ ಹತ್ತಿ ಬಂದಿದ್ದರು. ಆಕೆಯ ಕಥೆ ಹೇಳುವಾಗ ತಾಯಿಯವರ ಕಣ್ಣು ಒದ್ದೆಯಾಯಿತು. ನಾಲ್ಕು ವರ್ಷ ಮಗನೊಡನೆ ಸೆರೆಯಿದ್ದ ನಮ್ಮ ರಾಣಿಯ ಹೆಸರನ್ನು ಮಾತ್ರ ಅವರು ಕೇಳಿರಲಿಲ್ಲ. ತಪ್ಪು ಅವರದಲ್ಲ. ಹೇಳಬೇಕಾಗಿದ್ದ ನಮ್ಮಂಥವರದು.

ಶಿರಾ: ಒಂದು ಕಾಲದ ರಾಜಧಾನಿ

ಮಧುಗಿರಿಯಿಂದ ಪಶ್ಚಿಮಕ್ಕೆ ಸಾಗಿದರೆ ಶಿರಾ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆ ಅಗೆಯುತ್ತಿದ್ದ ಶತಮಾನದಲ್ಲಿಯೇ ಇಲ್ಲಿಯೂ ನಗರವೊಂದು ಏಳುತ್ತಿತ್ತು. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಕೋಟೆಗೆ ಅಡಿಪಾಯ ಹಾಕಿದನು. ಅದು ಮುಗಿಯುವ ಮೊದಲೇ, 1638ರಲ್ಲಿ, ಊರು ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಕೈಸೇರಿತು. 1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಸುಬಾದ ಕೇಂದ್ರವಾಗಿ ಮೆರೆಯಿತು.

ಇಂದಿಗೂ ಕೋಟೆಯ ಗೋಡೆಗಳನ್ನೂ ಕಂದಕವನ್ನೂ ನೋಡಬಹುದು. 1651ರಲ್ಲಿ ತೀರಿಕೊಂಡ ಅಧಿಕಾರಿ ಮಲಿಕ್ ರಿಹಾನನ ಗೋರಿಯ ಗುಮ್ಮಟ, 1696ರಲ್ಲಿ ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿ, ಇವೆರಡೂ ಆ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಸಾಕ್ಷಿ. ಶಿಲ್ಪವನ್ನು ನೋಡುವಾಗ ಮತವನ್ನು ಕೇಳಬಾರದು. ಕಲ್ಲು ಕಡೆದವನ ಕಾಯಕವನ್ನು ನೋಡಬೇಕು. ಇಲ್ಲಿದ್ದ ಮೊಗಲ್ ಉದ್ಯಾನವನ್ನು ಕಂಡೇ ಹೈದರಾಲಿ ಬೆಂಗಳೂರಿನ ಲಾಲ್‌ಬಾಗಿಗೆ ಕೈಹಾಕಿದನೆಂದು ಹೇಳುತ್ತಾರೆ. ಟಿಪ್ಪುವಿನ ಕಾಲದಲ್ಲಿ ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಬಲವಂತವಾಗಿ ಸಾಗಿಸಿದರೆಂದು ಗ್ಯಾಸೆಟಿಯರ್ ದಾಖಲಿಸಿದೆ. ಜನರನ್ನು ಕಳೆದುಕೊಂಡ ಮೇಲೆ ನಗರದ ವೈಭವ ಕುಂದಿತು. ಇಂದು ಶಿರಾದ ದೊಡ್ಡ ಕೆರೆಗೆ ಹೇಮಾವತಿಯ ನಾಲೆಯ ನೀರು ಹರಿದು ಬರುತ್ತದೆ. ಕೆರೆ ತುಂಬಿದ ವರ್ಷ ಊರಿಗೆ ಬರುವ ಕಳೆಯನ್ನು ನೋಡಿಯೇ ತಿಳಿಯಬೇಕು.

ಇದೇ ತಾಲ್ಲೂಕಿನ ಕಗ್ಗಲಡು ಗ್ರಾಮವನ್ನು ಮಕ್ಕಳಿಗೆ ಮರೆಯದೆ ತೋರಿಸಿರಿ. ಊರೊಳಗಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಗ್ರಾಮಸ್ಥರು ಅವನ್ನು ಮನೆಗೆ ಬಂದ ನೆಂಟರಂತೆ ಕಾಯುತ್ತಾರೆ. ಸಕಲ ಜೀವಿಗಳಲ್ಲಿ ದಯೆಯೆಂಬುದನ್ನು ಬಾಯಲ್ಲಿ ಹೇಳುವವರು ಬಹಳ. ನಡೆದು ತೋರಿಸುವ ಊರು ಇದೊಂದು.

ಕೊರಟಗೆರೆ ಮತ್ತು ಪಾವಗಡ

ಕೊರಟಗೆರೆಯ ಸೀಮೆ ಬೆಟ್ಟ ಮತ್ತು ಚಿಲುಮೆಗಳದು. ಸಿದ್ಧರ ಬೆಟ್ಟದ ಗವಿಯಲ್ಲಿ ಸಿದ್ಧೇಶ್ವರನ ಸನ್ನಿಧಿಯಿದೆ. ಅಲ್ಲಿನ ಚಿಲುಮೆಯ ತಣ್ಣೀರಿನಲ್ಲಿ ಮಿಂದು ಭಕ್ತರು ದರ್ಶನ ಪಡೆಯುತ್ತಾರೆ. ಔಷಧೀಯ ಸಸ್ಯಗಳಿಗೂ ಈ ಬೆಟ್ಟ ಹೆಸರುವಾಸಿ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ನಾಡಿನೆಲ್ಲೆಡೆಯಿಂದ ಹೆಣ್ಣುಮಕ್ಕಳು ಬರುತ್ತಾರೆ. ಸಮೀಪದಲ್ಲಿಯೇ ಜಯಮಂಗಲಿ ನದಿಗೆ ಕಟ್ಟಿದ ತೀತಾ ಜಲಾಶಯವಿದೆ. ಚೆನ್ನರಾಯನದುರ್ಗದ ಪಾಳುಕೋಟೆಯನ್ನು ಹತ್ತುವವರು ಕಡಿಮೆ, ಹತ್ತಿದವರು ಮರೆಯುವುದಿಲ್ಲ.

ಪಾವಗಡವು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಗಡಿನಾಡು. ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುವ ಊರು. ಶನಿಮಹಾತ್ಮನ ದೇವಾಲಯಕ್ಕೆ ಬರುವವರು ತಲೆಯೆತ್ತಿದರೆ ಬೆಟ್ಟದ ಕೋಟೆ ಕಾಣುತ್ತದೆ. ತುಸು ದೂರದ ನಿಡುಗಲ್ಲು, ನಿಡುಗಲ್ಲಿನ ಚೋಳರೆನಿಸಿದ ಅರಸರ ರಾಜಧಾನಿಯಾಗಿತ್ತು. ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಂಡೆಯ ಮೇಲೆ ಸುಬ್ರಹ್ಮಣ್ಯನಿದ್ದಾನೆ. ಬರಕ್ಕೂ ಫ್ಲೋರೈಡು ಬೆರೆತ ನೀರಿಗೂ ಹೆಸರಾಗಿದ್ದ ಈ ತಾಲ್ಲೂಕಿನಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ 2018ರಿಂದ ತಲೆಯೆತ್ತಿದೆ. ಬೆಳೆಯನ್ನು ಒಣಗಿಸುತ್ತಿದ್ದ ಬಿಸಿಲೇ ಇಂದು ಗುತ್ತಿಗೆಯ ಹಣ ತರುತ್ತಿದೆ. ಇದೂ ನೋಡತಕ್ಕ ನೋಟವೇ.

ದೊಣೆಯ ಬಳಿ

ಆ ಸಂಜೆಯ ಬಳಿಕ, ಮುಂದಿನ ಭಾನುವಾರ ಮುಂಜಾನೆ, ಯಜಮಾನರು, ಮೊಮ್ಮಗಳು ಮತ್ತು ನಾವು ಬೆಟ್ಟಕ್ಕೆ ಹೋದೆವು. ತುದಿಯವರೆಗೆ ಹತ್ತುವ ಕಾಲು ನಮ್ಮದಲ್ಲ. ಕೆಲವು ಬಾಗಿಲುಗಳನ್ನು ದಾಟಿ ಒಂದು ದೊಣೆಯ ಪಕ್ಕ ಕುಳಿತೆವು. ರಾಣಿಯ ಕಥೆಯನ್ನು ಹೇಳಿದೆವು. ಮಗು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದಳು: “ಅವರು ಕುಡೀತಿದ್ದುದು ಇದೇ ನೀರಾ?”

ಇದೇ ದೊಣೆಯದೋ ಮತ್ತೊಂದರದೋ, ಈ ಬೆಟ್ಟದ ನೀರೇ ಕುಡಿದಿರಬೇಕು ಎಂದೆವು. ದೊಣೆಯಲ್ಲಿ ಪ್ಲಾಸ್ಟಿಕ್ ಸೀಸೆಗಳೂ ತಿಂಡಿಯ ಪೊಟ್ಟಣಗಳೂ ತೇಲುತ್ತಿದ್ದವು. ಯಜಮಾನರು ಏನೂ ಹೇಳಲಿಲ್ಲ. ಪಂಚೆಯನ್ನು ಮೇಲೆ ಕಟ್ಟಿ, ಕೋಲಿನಿಂದ ಒಂದೊಂದನ್ನೇ ದಡಕ್ಕೆ ಎಳೆದು, ತಂದಿದ್ದ ಬುತ್ತಿಯ ಚೀಲಕ್ಕೆ ತುಂಬತೊಡಗಿದರು. ಮಗು ಕೈಜೋಡಿಸಿದಳು. ಇಳಿಯುವಾಗ ಅವರೇ ಮೆಲ್ಲಗೆ ಅಂದರು: “ಬರೀ ಬಂಡೆ ಅಂದುಬಿಟ್ಟೆ. ತಪ್ಪಾಯಿತು.”

ಶರಣ ಬಂಧುಗಳೆ, ದೂರದ ದೇಶಗಳನ್ನು ಅವಶ್ಯವಾಗಿ ನೋಡಿ ಬನ್ನಿರಿ. ಅಲ್ಲಿಂದ ಚಿತ್ರಗಳ ಜೊತೆಗೆ, ಅವರು ತಮ್ಮ ನೀರನ್ನೂ ನೆನಪನ್ನೂ ಕಾಯ್ದುಕೊಂಡ ಬಗೆಯನ್ನೂ ಮನೆಗೆ ತನ್ನಿರಿ. ಮುಂಬರುವ ರಜೆಯಲ್ಲಿ ಒಂದು ದಿನವನ್ನು ಈ ನಾಲ್ಕು ತಾಲ್ಲೂಕುಗಳಿಗೆ ಮೀಸಲಿಡಿರಿ. ಮಧುಗಿರಿಯ ಬಾಗಿಲಲ್ಲಿ ಮಕ್ಕಳಿಗೆ ವೀರಮ್ಮಾಜಿಯವರ ಹೆಸರನ್ನು ಹೇಳಿರಿ. ಇಳಿದು ಬರುವಾಗ ಯಾವ ದೊಣೆಯಲ್ಲಿಯೂ ಕಸ ಉಳಿಯದಂತೆ ನೋಡಿರಿ.

ಶರಣು ಶರಣಾರ್ಥಿ.